ಜಗಲಿ ಗುಡಿಸಿದ ಮೇಲೆ

ಪುಟದ ನೆತ್ತಿಯ ಮೇಲೊಂದು ಹಳದಿ ಪಟ್ಟಿ, ಅದರೊಳಗೆ ಕಪ್ಪು ಅಕ್ಷರದಲ್ಲಿ ‘ಈ ಪುಟ ಹಳೆಯದಾಗಿದೆ’ ಎಂಬ ಮೂರು ಪದ. ಒಂದೇ ಬೇಸಗೆಯಲ್ಲಿ ನಾನು ಇದನ್ನು ಮುನ್ನೂರಕ್ಕೂ ಹೆಚ್ಚು ಪುಟಗಳಿಗೆ ಅಂಟಿಸಿದೆ. ಅಂಟಿಸುವಾಗ ಒಳಗೊಳಗೇ ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಪ್ರೋಗ್ರಾಮಿಂಗ್ ಮಾಡುವ ಕನ್ನಡಿಗರಿಗೆಂದು ನಾವು ಕೆಲವರು ಸೇರಿ ನಡೆಸುತ್ತಿದ್ದ ವೆಬ್‌ಸೈಟು ಅದು. ಕಂಪ್ಯೂಟರಿನಿಂದ ಯಾವ ಕೆಲಸ ಹೇಗೆ ಮಾಡಿಸಬೇಕೆಂದು ಹೆಜ್ಜೆ ಹೆಜ್ಜೆಯಾಗಿ ತಿಳಿಸುವ ಪುಟಗಳು. ಬಲ್ಲವರು ಬರೆಯುತ್ತಿದ್ದರು, ಬೇಕಾದವರು ಓದಿ ಮಾಡಿಕೊಳ್ಳುತ್ತಿದ್ದರು. ಪ್ರತಿ ಪುಟದ ಕೆಳಗೆ ಓದುಗರು ತಮ್ಮ ಮಾತು ಸೇರಿಸಲು ಒಂದಿಷ್ಟು ಜಾಗ. ಅದಕ್ಕೆ ನಾವು ಜಗಲಿ ಎನ್ನುತ್ತಿದ್ದೆವು. ವರ್ಷಗಳು ಉರುಳಿದಂತೆ ಸಾಫ್ಟ್‌ವೇರ್ ಸಲಕರಣೆಗಳೆಲ್ಲ ಬದಲಾದವು, ಪುಟಗಳು ಮಾತ್ರ ಬರೆದ ಹಾಗೇ ಉಳಿದವು. ಹೊಸಬರು ಹಳೆಯ ಪುಟ ನಂಬಿ ಮಾಡಹೋಗಿ, ಆಗದೆ, ನಮಗೆ ಬೈದು ಪತ್ರ ಬರೆಯತೊಡಗಿದರು.

ಸೈಟನ್ನು ಶುರುಮಾಡಿದ್ದ ಶಾಕಿರಾ ಮೇಡಂ ಕಾಲೇಜಿನಲ್ಲಿ ಪಾಠ ಹೇಳುವವರು. ಅವರೇ ನಿಯಮ ಮಾಡಿದರು. ಎರಡು ವರ್ಷ ಯಾರೂ ತಿದ್ದದ ಪುಟಕ್ಕೆ ಹಳದಿ ಪಟ್ಟಿ. ಒಂದು ತಿಂಗಳು ಯಾರೂ ಬೇಡವೆನ್ನದಿದ್ದರೆ ಪುಟವನ್ನು ಹೊಸದಾಗಿ ಬರೆಯುವುದು, ಬರೆದು ಜಗಲಿ ಗುಡಿಸುವುದು. “ಹೊಸ ಪುಟದ ಕೆಳಗೆ ಹಳೇ ಮಾತು ಬಿದ್ದಿದ್ದರೆ ಓದೋರಿಗೆ ಗಲಿಬಿಲಿ ಆಗುತ್ತೆ” ಎಂದರು. ನನಗೂ ಸರಿ ಅನ್ನಿಸಿತು. ಕಸ ಕಂಡರೆ ಕೈ ಕಟ್ಟಿ ಕೂರುವ ಸ್ವಭಾವ ನನ್ನದಲ್ಲ, ಹಾಗಾಗಿ ಕೆಲಸ ನನ್ನ ತಲೆಗೇ ಬಂತು.

ಕನ್ನಡ ಪಠ್ಯವನ್ನು ಬ್ರೈಲ್ ಚುಕ್ಕಿಗಳಾಗಿಸಿ ಮುದ್ರಿಸುವುದು ಹೇಗೆಂಬ ಪುಟವೂ ಹೀಗೆ ನನ್ನ ಕೈಗೆ ಸಿಕ್ಕಿತು. ಒಂಬತ್ತು ವರ್ಷದಿಂದ ಒಂದಕ್ಷರ ತಿದ್ದಿರಲಿಲ್ಲ. ಪಟ್ಟಿ ಅಂಟಿಸಿದೆ, ತಿಂಗಳು ಕಾದೆ, ಹೊಸ ಸಲಕರಣೆ ಇಟ್ಟುಕೊಂಡು ಒಂದು ಬೆಳಗಿನಲ್ಲೇ ಚೊಕ್ಕವಾಗಿ ಬರೆದು ಮುಗಿಸಿದೆ. ಜಗಲಿಯಲ್ಲಿ ನಲವತ್ತೊಂದು ಮಾತುಗಳಿದ್ದವು. ಮೇಲಿನ ನಾಲ್ಕೈದನ್ನು ಓದಿದೆ. ಥ್ಯಾಂಕ್ಸು, ನಮಸ್ಕಾರ, ಯಾರದೋ ತಂಗಿಯ ಮದುವೆ. ಸರಿ, ಗುಡಿಸಿಬಿಟ್ಟೆ.

ವಾರ ಕಳೆದಿರಲಿಲ್ಲ, ಸೈಟಿನಲ್ಲಿ ಕೊಟ್ಟಿದ್ದ ನನ್ನ ನಂಬರಿಗೆ ಫೋನು ಬಂತು.

“ವೆಬ್‌ಸೈಟಿನ ಸಾರ್ ಅಲ್ವಾ? ನಾನು ಧರಣೇಂದ್ರ ಅಂತ. ಅಂಧ ಮಕ್ಕಳ ಶಾಲೇಲಿ ಮೇಷ್ಟ್ರು. ನನಗೂ ಕಣ್ಣಿಲ್ಲ ಸಾರ್, ನಿಮ್ಮ ಪುಟಾನ ಕಂಪ್ಯೂಟರ್ ಓದಿ ಹೇಳುತ್ತೆ, ನಾನು ಕೇಳಿಸಿಕೊಂಡು ಮಾಡ್ತೀನಿ.”

ಶಾಲೆ ನಮ್ಮ ಊರಿನದೇ. ಆ ವರ್ಷ ವಿಜ್ಞಾನದ ಪಠ್ಯ ಬದಲಾಗಿತ್ತು, ಹೊಸ ಪುಸ್ತಕದ ಬ್ರೈಲ್ ಪ್ರತಿ ಎಲ್ಲೂ ಸಿಕ್ಕಿರಲಿಲ್ಲ. ಮೇಷ್ಟ್ರೇ ಮುದ್ರಿಸಿಕೊಡೋಣವೆಂದು ಕೂತರೆ ಅವರ ಹಳೆಯ ಕಂಪ್ಯೂಟರು ಕೈಕೊಟ್ಟಿತು, ಅದರೊಡನೆ ಆರು ವರ್ಷದಿಂದ ನಮ್ಮ ಪುಟ ಕೇಳಿ ಕೇಳಿ ನಡೆಸಿಕೊಂಡು ಬಂದಿದ್ದ ಪ್ರೋಗ್ರಾಮೂ ಹೋಯಿತು. ಬೇರೆ ಕಂಪ್ಯೂಟರು ತಂದು ನಮ್ಮ ಪುಟ ಕೇಳಿ ಹೊಸದಾಗಿ ಮಾಡಿದರೆ, ಚುಕ್ಕಿ ಒತ್ತುವ ಯಂತ್ರದಿಂದ ಬರೀ ಖಾಲಿ ಹಾಳೆ ಬರುತ್ತಿದೆ. ಪುಸ್ತಕ ಬೇಕಾಗಿದ್ದದ್ದು ಹನ್ನೊಂದು ಮಕ್ಕಳಿಗೆ. ಪರೀಕ್ಷೆಗೆ ಉಳಿದದ್ದು ಹದಿನೆಂಟು ದಿನ.

“ಯಂತ್ರ ಬಹಳ ಹಳೇದು ಸಾರ್” ಎಂದರು.

ನಾನು ಹೊಸ ಪುಟದಲ್ಲಿ ಹೇಳಿದ್ದ ಸಲಕರಣೆಗೆ ಅಷ್ಟು ಹಳೆಯ ಯಂತ್ರದ ಪರಿಚಯವೇ ಇರಲಿಲ್ಲ. ಅದಕ್ಕೇನಂತೆ, ಪುಟಗಳ ಹಳೆಯ ಪ್ರತಿಗಳೆಲ್ಲ ನಮ್ಮಲ್ಲಿ ಭದ್ರವಾಗಿರುತ್ತಿದ್ದವು. ಹಳೆಯದನ್ನೇ ಮತ್ತೆ ಏರಿಸಿ, ನಿಯಮದ ಪ್ರಕಾರ ತಲೆಗೆ ಹಳದಿ ಪಟ್ಟಿ ಕಟ್ಟಿ, ಉಪಕಾರ ಮಾಡಿದವನ ಗತ್ತಿನಲ್ಲಿ ಕೂತೆ.

ಮರುದಿನ ಮತ್ತೆ ಫೋನು. “ಈಗ ಚುಕ್ಕಿ ಬರ್ತಾ ಇದೆ ಸಾರ್. ಆದರೆ ಪ್ರತಿ ಸಾಲಿನ ಬಾಲ ಬರ್ತಾ ಇಲ್ಲ.”

“ಇದೇ ಪುಟ ಮೇಷ್ಟ್ರೇ. ನೀವು ಮೊದಲು ಕೇಳಿದ್ದೂ ಇದನ್ನೇ. ಒಂದಕ್ಷರ ಆಚೀಚೆ ಆಗಿಲ್ಲ.”

“ನನಗೂ ಹಾಗೇ ಕೇಳಿಸುತ್ತೆ ಸಾರ್. ಆದರೆ ಆವಾಗ ಸರಿ ಬರ್ತಿತ್ತು.”

ನನಗೆ ತಲೆಬುಡ ತಿಳಿಯಲಿಲ್ಲ. ಹೊಸ ಪುಟ ಆಗುವುದಿಲ್ಲ, ಒಪ್ಪಿಕೊಂಡೆ. ಹಳೆಯ ಪುಟವೂ ಆಗುವುದಿಲ್ಲವೆಂದರೆ ಈ ಮನುಷ್ಯ ಆರು ವರ್ಷ ಪುಸ್ತಕ ಮುದ್ರಿಸಿದ್ದು ಯಾವುದರಿಂದ? ಹಳೆಯ ಪ್ರತಿಯನ್ನು ಮೂರು ಸಲ ತಾಳೆ ನೋಡಿದೆ. ಸಾಲಿಗೆ ನಲವತ್ತು ಅಕ್ಷರ ಎಂದು ಏಳನೆಯ ಹೆಜ್ಜೆಯಲ್ಲಿ ಸ್ಪಷ್ಟವಾಗಿತ್ತು. ಶಾಕಿರಾ ಮೇಡಮ್ಮನ್ನು ಕೇಳಿದರೆ, “ಹಳೇ ಪುಟ ಯಾವತ್ತಾದರೂ ಸರಿ ಇತ್ತು ಅನ್ನೋದಕ್ಕೆ ನಿಮ್ಮತ್ರ ಏನು ಆಧಾರ ಇದೆ?” ಎಂದುಬಿಟ್ಟರು. ಏನೂ ಇರಲಿಲ್ಲ. ಮೇಷ್ಟ್ರಿಗೇ ಏನೋ ಮರೆವು ಅಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಆಮೇಲೆ ನಾಚಿಕೆಯಾಯಿತು. ಈ ಗೊಂದಲದಲ್ಲೇ ನಾಲ್ಕು ದಿನ ಹೋದವು.

ಐದನೆಯ ದಿನ ಬೆಳಿಗ್ಗೆ ಶಾಲೆಗೇ ಹೋದೆ. ಮೇಷ್ಟ್ರು ಐವತ್ತು ದಾಟಿದ, ಇಸ್ತ್ರಿ ಮಾಡಿದ ಅಂಗಿಯ ಸಣಕಲು ಮನುಷ್ಯ. ಯಂತ್ರದಿಂದ ಒಂದು ಹಾಳೆ ಹರಿದು ಅದರ ಮೇಲೆ ಬೆರಳಾಡಿಸಿದರು. “ನೋಡಿ, ‘ಗುರುತ್ವಾಕರ್ಷ’ ಅಂತ ಬಂದು ನಿಂತುಹೋಯ್ತು. ಮುಂದಿನ ಸಾಲು ಇನ್ನೇನೋ. ಮಕ್ಕಳು ಇದನ್ನ ಹೇಗೆ ಓದಬೇಕು?” ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

“ಪುಟಾನ ಒಂದು ಸಲ ಕೇಳಿಸಿ” ಎಂದೆ.

ಕಂಪ್ಯೂಟರು ಹೆಂಗಸಿನ ದನಿಯಲ್ಲಿ ‘ಈ ಪುಟ ಹಳೆಯದಾಗಿದೆ’ ಎಂದು ಶುರುಮಾಡಿತು. ನಾನು ಕಣ್ಣಿನ ಮೂಲೆಯಲ್ಲಿ ನೋಡಿ ದಾಟಿಹೋಗುತ್ತಿದ್ದ ಹಳದಿ ಪಟ್ಟಿ ಇಲ್ಲಿ ಪ್ರತಿ ಸಲವೂ ಎಲ್ಲಕ್ಕಿಂತ ಮೊದಲು ಮಾತಾಡುತ್ತಿತ್ತು. ಒಂದನೇ ಹೆಜ್ಜೆ, ಎರಡನೇ ಹೆಜ್ಜೆ ಎನ್ನುತ್ತ ಹತ್ತನೆಯದರವರೆಗೆ ಓದಿ ದನಿ ನಿಂತಿತು. ಮೇಷ್ಟ್ರು ಮಾತ್ರ ತಲೆ ಓರೆ ಮಾಡಿಕೊಂಡು ಇನ್ನೂ ಕೇಳುತ್ತಲೇ ಕೂತಿದ್ದರು.

“ಮುಗೀತಲ್ಲ ಮೇಷ್ಟ್ರೇ.”

“ಮುಂಚೆ ಇಲ್ಲಿಗೆ ಮುಗೀತಿರಲಿಲ್ಲ ಸಾರ್. ಹತ್ತನೇ ಹೆಜ್ಜೆ ಆದಮೇಲೆ ಫಿಲೋಮಿನಾ ಅನ್ನೋರು ಬರ್ತಿದ್ದರು.”

“ಯಾವ ಫಿಲೋಮಿನಾ?”

“‘ನನಗೂ ಆಯ್ತು, ಥ್ಯಾಂಕ್ಸ್’ ಅಂತ ಹೇಳೋರು. ಅವರಾದ ಮೇಲೆ ಗದಿಗೆಪ್ಪ ಅನ್ನೋರ ತಂಗಿ ಮದುವೆ. ಈಗ ಯಾರೂ ಬರೋದಿಲ್ಲ.”

ಪುಟಕ್ಕೂ ಜಗಲಿಗೂ ನಡುವೆ ನಾವು ಎಳೆದಿದ್ದ ಗೆರೆ ಕಣ್ಣಿದ್ದವರಿಗೆ ಮಾತ್ರ ಇತ್ತು. ಮೇಷ್ಟ್ರ ಕಿವಿಗೆ ಎಲ್ಲವೂ ಒಂದೇ ಪುಟ. ಪುಟ ಮೊದಲಿನಿಂದಲೂ ತಪ್ಪೇ ಇತ್ತು. ಅದನ್ನು ಸರಿಮಾಡುತ್ತಿದ್ದದ್ದು ಜಗಲಿಯ ಮಾತು.

“ಅವರನ್ನೆಲ್ಲ ಗುಡಿಸಿದವನು ನಾನೇ ಮೇಷ್ಟ್ರೇ” ಎಂದೆ. “ಪುಟದ ಪ್ರತಿ ಇಟ್ಟುಕೊಳ್ತೀವಿ, ಜಗಲೀದು ಇಟ್ಟುಕೊಳ್ಳೋಲ್ಲ. ಹೋದದ್ದು ಹೋಯ್ತು.”

“ಹೋಗಿಲ್ಲ ಸಾರ್, ನನಗೆ ಬರುತ್ತೆ. ಆರು ವರ್ಷ ಕೇಳಿದೀನಲ್ಲ.”

“ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?”

“ನನಗೆ ಸಾಲಿಗೆ ಮೂವತ್ತೆಂಟು ಅಕ್ಷರ ಅಂತ ನೆನಪು, ಪುಟ ನಲವತ್ತು ಅಂತು. ಮೂವತ್ತೆಂಟೂ ಹಾಕಿ ನೋಡಿದೆ, ಸಾಲು ಪೂರ್ತಿ ಬಂತು, ಆದರೆ ಮೂರನೇ ಹಾಳೆಗೆ ಯಂತ್ರವೇ ನಿಂತುಬಿಡ್ತು. ನೀವು ಬೇರೆ ಒಂದಕ್ಷರ ಆಚೀಚೆ ಆಗಿಲ್ಲ ಅಂದ್ರಿ. ಹಾಗಾದರೆ ನನ್ನ ನೆನಪೇ ಹಳೇದಾಗಿದೆ ಅಂದುಕೊಂಡೆ.”

ಕೀಲಿಮಣೆ ಹತ್ತಿರಕ್ಕೆಳೆದುಕೊಂಡು, “ಹೇಳಿ, ಬರೆದುಕೊಳ್ತೀನಿ” ಎಂದೆ. ಯಂತ್ರ ನಿಲ್ಲುವುದರ ಬಗ್ಗೆ ಯಾರಾದರೂ ಹೇಳಿದ್ದರೇ ಎಂದು ಕೇಳಿದರೆ, ಇರಬಹುದು, ಆದರೆ ನಡುವಿನಿಂದ ತೆಗೆಯಲು ಬರುವುದಿಲ್ಲ, ಮೊದಲಿನಿಂದಲೇ ಹೇಳಬೇಕು ಎಂದರು. ಹಾಗೇ ಆಗಲಿ ಎಂದೆ. ಫಿಲೋಮಿನಾ ಬಂದರು. ಗದಿಗೆಪ್ಪನ ತಂಗಿಯ ಮದುವೆಯಾಯಿತು. ಒಂಬತ್ತನೆಯವರು ಯಾರೋ, ಏಳನೇ ಹೆಜ್ಜೆಯಲ್ಲಿ ನಲವತ್ತರ ಬದಲು ಮೂವತ್ತೆಂಟು ಹಾಕಿ, ಇಲ್ಲದಿದ್ದರೆ ಹಳೆಯ ಯಂತ್ರ ಸಾಲಿನ ಕೊನೆಯನ್ನು ನುಂಗುತ್ತದೆ ಎಂದರು. ನಾನು ಕಸವೆಂದುಕೊಂಡಿದ್ದ ಒಬ್ಬೊಬ್ಬರೂ ಹೆಸರು ಸಹಿತ ಅವರ ಬಾಯಿಂದ ಇಳಿದು ಬಂದರು.

ಇಪ್ಪತ್ತಮೂರನೆಯದು ಬಂತು. “‘ಒಂದೊಂದು ಹಾಳೆ ಆದಮೇಲೂ ಯಂತ್ರಕ್ಕೆ ನಾಲ್ಕು ಸೆಕೆಂಡು ಬಿಡುವು ಕೊಡಿ. ಇಲ್ಲದಿದ್ದರೆ ಮೂರನೇ ಹಾಳೆಗೆ ನಿಂತುಬಿಡುತ್ತೆ. ನಾನು ಎರಡು ದಿನ ಒದ್ದಾಡಿ ಕಂಡುಕೊಂಡೆ. ನೀವು ಒದ್ದಾಡಬೇಡಿ.’” ಅದರ ಕೊನೆಗೆ, ಉಳಿದವರದ್ದನ್ನು ಹೇಳಿದಂತೆಯೇ, ಬರೆದವರ ಹೆಸರನ್ನೂ ಹೇಳಿದರು.

ಅದು ನನ್ನ ಹೆಸರು. ಇನಿಷಿಯಲ್ಲೂ ನನ್ನದೇ.

ನನಗೆ ಏನೇನೂ ನೆನಪಿರಲಿಲ್ಲ. ಆ ಕಾಲದಲ್ಲಿ ನಾನು ದಿನಕ್ಕೆ ಹತ್ತಾರು ಪುಟಗಳ ಜಗಲಿಯಲ್ಲಿ ಕೂತು ಹರಟುತ್ತಿದ್ದದ್ದು ನಿಜ. ಇಂಥ ಯಂತ್ರವೊಂದರ ಮುಂದೆ ಎರಡು ದಿನ ಕೂತಿದ್ದೆನೇ? ಯಾರ ಯಂತ್ರ, ಯಾವ ಊರು? ಎಷ್ಟು ತಡಕಾಡಿದರೂ ಒಳಗೆ ಏನೂ ಸಿಗಲಿಲ್ಲ. ನಾನೇ ತಿಳಿದುಕೊಂಡದ್ದನ್ನು ನಾನೇ ಮರೆತು, ನಾನೇ ಗುಡಿಸಿದ್ದೆ. ಕಣ್ಣೇ ಕಾಣದ ಒಬ್ಬರು ಅದನ್ನು ಕಾಪಾಡಿಕೊಂಡು ಬಂದಿದ್ದರು.

“ಬರೆದುಕೊಂಡ್ರಾ ಸಾರ್? ಸದ್ದು ನಿಂತುಹೋಯ್ತು.”

ಬರೆದುಕೊಂಡೆ. ಪ್ರೋಗ್ರಾಮಿಗೆ ಮೂವತ್ತೆಂಟನ್ನೂ ನಾಲ್ಕು ಸೆಕೆಂಡನ್ನೂ ಸೇರಿಸಿ ಯಂತ್ರಕ್ಕೆ ಚಾಲನೆ ಕೊಟ್ಟೆ. ಮೂರನೆಯ ಹಾಳೆ ಹೊರಬಂತು, ಅದರ ಹಿಂದೆ ನಾಲ್ಕನೆಯದೂ ಬಂತು. ಮೇಷ್ಟ್ರು ಹಾಳೆ ಹಿಡಿದು ಸಾಲಿನ ಕೊನೆಯವರೆಗೆ ಬೆರಳು ಒಯ್ದರು, ಮತ್ತೊಂದು ಸಾಲಿಗೆ ಒಯ್ದರು.

“ಪೂರ್ತಿ ಬಂತು. ಇನ್ನು ಮಕ್ಕಳಿಗೆ ಪುಸ್ತಕ ಆಗುತ್ತೆ ಸಾರ್.” ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದರು. “ಆ ಎರಡು ದಿನ ಒದ್ದಾಡಿದ ಪುಣ್ಯಾತ್ಮ ಇದಾರಲ್ಲ, ಅವರು ಈಗ ಎಲ್ಲಿದಾರೆ? ನಿಮಗೇನಾದರೂ ಪರಿಚಯ ಉಂಟಾ?”

ನನ್ನ ಹೆಸರನ್ನು ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

“ಇಲ್ಲ ಮೇಷ್ಟ್ರೇ” ಎಂದೆ. ಅದು ಸುಳ್ಳೋ ನಿಜವೋ ಈವತ್ತಿಗೂ ನನಗೆ ಬಗೆಹರಿದಿಲ್ಲ.

ಐದನೆಯ ಹಾಳೆ ಮುಗಿದು ಯಂತ್ರ ಸುಮ್ಮನಾಯಿತು. ನಾಲ್ಕು ಸೆಕೆಂಡಿನ ಮೇಲೆ ಅದು ಮತ್ತೆ ಚುಕ್ಕಿ ಒತ್ತತೊಡಗಿತು.