ಹೊರಗಿಂದ ಕೀಲಿ

"ಸಂಚಿ ತೊಡಿ ಮ್ಯಾಲೆ ಇಡ್ರಿ. ಕೈಗೆ ಸಿಗೂ ಹಂಗಿರ್ಲಿ."

ಹನಮೇಶ ಹೇಳಿದ್ದು ಹೆಣ ಹೂಳುವ ಕುಣಿಯೊಳಗೆ ಇಳಿದವರಿಗೆ. ಅಲ್ಲಿ ಕುಳ್ಳಿರಿಸಿದ್ದ ಅವನ ಅಕ್ಕ ಮಾಳವ್ವ ಎಲೆಅಡಿಕೆ ಇಲ್ಲದೆ ಮಾತಾಡಿದವಳಲ್ಲ. ಇನ್ನು ಮಾತಾಡುವುದಿಲ್ಲ ಅಂತ ಸಂಚಿ ತಪ್ಪಿಸುವುದುಂಟೇ? ಗಂಡನ ಊರಿಂದ ಬಂದಿದ್ದ ಮಗಳು ಗೀತಾಂಜಲಿ ಅದನ್ನು ಕೆಳಗೆ ಕೊಡುವಾಗ ಒಳಗೆ ಗಟ್ಟಿಯಾದದ್ದೇನೋ ಕೈಗೆ ತಾಗಿತು. ಅಡಕೊತ್ತು ಇರಬೇಕು ಅಂದುಕೊಂಡಳು. ಅವ್ವ ಬದುಕಿದ್ದಾಗಲೇ ಅವಳ ಸಂಚಿಗೆ ಕೈಹಾಕುವ ಧೈರ್ಯ ಯಾರಿಗೂ ಇರಲಿಲ್ಲ.

ಹೆಬ್ಬಳ್ಳಿಯ ಹೊಲದಂಚಿನಲ್ಲಿ ಮಣ್ಣು ಮುಚ್ಚಿ, ಕಲ್ಲಿಟ್ಟು, ಜನ ಜಳಕಕ್ಕೆ ಬಾವಿಯ ಕಡೆ ಹೊರಟಾಗ ಶಾನವಾಜನ ಆಟೋ ಬಂತು. ಹುಬ್ಬಳ್ಳಿಯಲ್ಲಿ ಮಾಳವ್ವನ ಓಣಿಯವನು. ಬಾಡಿಗೆಗೆ ಹೊರಗೂರಿಗೆ ಹೋಗಿದ್ದವನಿಗೆ ಸುದ್ದಿ ತಡವಾಗಿ ಮುಟ್ಟಿತ್ತು. ಒಂದು ಹಿಡಿ ಮಣ್ಣು ಹಾಕಿ, ಗೀತಾಂಜಲಿಯ ಹತ್ತಿರ ಬಂದು ದನಿ ತಗ್ಗಿಸಿದ.

"ಅಕ್ಕಾರ, ಗಾರ್ಗಿಬಾಯಾರಿಗೆ ಊಟ ಯಾರ ಒಯ್ದಾರ್ರಿ?"

"ಯಾವ ಗಾರ್ಗಿಬಾಯಿ?"

"ವಿದ್ಯಾನಗರದಾಗ ಒಬ್ಬರ ಇರ್ತಾರಲ್ರಿ, ವಯಸ್ಸಾದ ಟೀಚರು. ಮಾಳವ್ವಕ್ಕ ನಿನ್ನೆ ಮುಂಜಾನಿ ಉಣಿಸಿ, ಹೊರಗಿಂದ ಕೀಲಿ ಹಾಕಿ ಬಂದಾಳ. ನಾನ ಮನೀಗೆ ಕರ್ಕೊಂಡ ಬಂದೇನಿ. ಸಂಜಿಗೆ ಮತ್ತ ಹೋಗೂದಿತ್ತು."

"ಕೀಲಿಕೈ?"

"ಸಂಚ್ಯಾಗ ಇಟ್ಕೊಂಡ್ಲರಿ."

ಗೀತಾಂಜಲಿ ಕಲ್ಲಿನ ಕಡೆ ನೋಡಿದಳು. ಅವ್ವನ ಎದೆ ನಿಂತದ್ದು ನಿನ್ನೆ ಮಧ್ಯಾಹ್ನ.

*

ಗಡಿಯಲ್ಲಿ ಯುದ್ಧ ಶುರುವಾದ ವಾರವೇ ಗಾರ್ಗಿಬಾಯಿಯನ್ನು ನೋಡಿಕೊಳ್ಳುತ್ತಿದ್ದ ನರ್ಸು ಹೆದರಿ ತನ್ನೂರಿಗೆ ಹೋದಳು. ಆ ಮನೆಯ ಕಸ ಮುಸುರೆ ಮಾಡುತ್ತಿದ್ದ ಮಾಳವ್ವನಿಗೆ ಯಾರೂ ಏನೂ ಹೇಳಲಿಲ್ಲ. ತಾನೇ ಎರಡು ಹೊತ್ತು ರೊಟ್ಟಿ ಕಟ್ಟಿಕೊಂಡು ಹೋಗತೊಡಗಿದಳು.

ಮರೆವಿನ ಮುದುಕಿ. ವಿಮಾನದಾಳಿಯ ಭಯಕ್ಕೆ ದೀಪ ಆರಿಸಲು ಸೈರನ್ ಕೂಗಿದರೆ, ಸಾಲೆಗೆ ಹೊತ್ತಾಯಿತೆಂದು ರಸ್ತೆಗೆ ಓಡುತ್ತಿದ್ದರು. ಒಮ್ಮೆ ದೀಪವಿಲ್ಲದ ಲಾರಿಯೊಂದು ಅವರ ಸೆರಗು ಸವರಿಕೊಂಡು ಹೋಯಿತು. ಮರುದಿನ ಮಾಳವ್ವ ಕೀಲಿ ಕೊಂಡು ತಂದಳು.

"ಬಾಜು ಮನಿಯವರಿಗೆ ಒಂದ ಕೀಲಿಕೈ ಕೊಡಬೇ," ಅಂದಿದ್ದ ಶಾನವಾಜ.

"ಅವರು ಈಕಿನ್ನ ಹುಚ್ಚರ ದವಾಖಾನಿಗೆ ಕಳಸಾಕ ನಿಂತಾರ. ನಾ ಸಾಯೂ ತನಕಾ ಯಾರ ಕೈಯಾಗೂ ಕೊಡಂಗಿಲ್ಲ."

ಹಟದ ಹೆಣ್ಣು. ಹೇಳಿದಂತೆಯೇ ಮಾಡಿದಳು.

*

"ಮುಚ್ಚಿದ ಕುಣಿ ತಗ್ಯಾಕ ಬರಂಗಿಲ್ಲ," ಎಂದ ಹನಮೇಶ. "ಕೀಲಿ ಒಡೀರಿ. ಮದಲ ಜಳಕಾ ಮಾಡವಾ. ಮಣ್ಣಿಗೆ ಬಂದ ಮೈಲೆ ಒಬ್ಬರ ಮನ್ಯಾಗ ಕಾಲಿಡಬಾರದು."

"ಮಾಮಾ, ನಿನ್ನೆ ಮುಂಜಾನಿಂದ ಅವರು ಉಪಾಸ ಅದಾರ."

ಹನಮೇಶ ಕುಣಿ ತೋಡಿದ ಹಾರೆಯನ್ನೇ ಎತ್ತಿ ಆಟೋದಲ್ಲಿಟ್ಟ.

ದಾರಿಯುದ್ದಕ್ಕೂ ಗೀತಾಂಜಲಿಗೆ ಅವ್ವನ ಮೇಲೆ ಸಿಟ್ಟು ಬಂತು. ಒಂದು ಜೀವವನ್ನು ಕೂಡಿಹಾಕಿ ಹೀಗೆ ಎದ್ದು ಹೋಗುವುದೇ? ಮುದುಕಿ ಒಳಗೇ ಸತ್ತಿದ್ದರೆ ಅವ್ವನ ಹೆಸರಿಗೆ ಉಳಿಯುವುದು ಅದೊಂದೇ. ಹೊತ್ತೊಯ್ದ ರೊಟ್ಟಿ ಯಾರ ನೆನಪಿನಲ್ಲೂ ಇರುವುದಿಲ್ಲ. ಸಿಟ್ಟಿನ ಹಿಂದೆಯೇ ಅಳು ಬಂತು.

ವಿದ್ಯಾನಗರ ಮುಟ್ಟುವಾಗ ಕತ್ತಲಾಗಿತ್ತು. ಒಂದು ಮನೆಯಲ್ಲೂ ದೀಪವಿರಲಿಲ್ಲ. ಬಾಜು ಮನೆಯ ಕಿಟಕಿಯಿಂದ ಗಂಡಸೊಬ್ಬ ಕೇಳಿದ, "ಯಾರದು?"

"ಬಾಯಾರು ಕೂಗಿದ್ರೇನ್ರಿ?" ಎಂದ ಶಾನವಾಜ.

"ರಾತ್ರಿ ಬಾಗಿಲಾ ಬಡ್ಯಾಕತ್ತಿದ್ರು. ಅದೇನ ಹೊಸಾದಲ್ಲ ಬಿಡ್ರಿ." ಕಿಟಕಿ ಮುಚ್ಚಿತು.

ಶಾನವಾಜನ ಹಾರೆಯ ಪೆಟ್ಟಿಗೆ ಕೀಲಿಯ ಜೊತೆ ಕೊಂಡಿಯೂ ಕಿತ್ತು ಬಂತು. ಬಾಗಿಲು ಅರ್ಧ ತೆರೆದು ಯಾವುದಕ್ಕೋ ತಾಗಿ ನಿಂತಿತು. ಗೀತಾಂಜಲಿ ಸಂದಿಯಲ್ಲಿ ನುಸುಳಿದಳು. ಒಳಗೆಲ್ಲ ಸೆಕೆ, ಉಚ್ಚೆಯ ವಾಸನೆ. ಬಾಗಿಲಿನ ಬುಡದಲ್ಲೇ ಗಾರ್ಗಿಬಾಯಿ ಮುದುಡಿ ಬಿದ್ದಿದ್ದರು. ಗೀತಾಂಜಲಿ ಮೂಗಿನ ಹತ್ತಿರ ಕೈಯಿಟ್ಟಳು. ಉಸಿರಿತ್ತು. ಮಣ್ಣು ಮೆತ್ತಿದ ಕೈಯಲ್ಲೇ ತಲೆ ಎತ್ತಿ ಹಿಡಿದು, ತಂಬಿಗೆಯ ನೀರು ಗುಟುಕು ಗುಟುಕಾಗಿ ಕುಡಿಸಿದಳು.

"ನೀ ಯಾರು?"

"ಮಾಳವ್ವನ ಮಗಳ್ರಿ."

"ಆಕಿ ಯಾಕ ಬರಲಿಲ್ಲ?"

ಗೀತಾಂಜಲಿ ಸೆರಗಿನಿಂದ ಅವರ ಬಾಯಿ ಒರೆಸಿದಳು. "ಬರ್ತಾಳ್ರಿ," ಅಂದಳು.

ಗಾರ್ಗಿಬಾಯಿ ತೆರೆದ ಬಾಗಿಲನ್ನು ನೋಡಿದರು. ಆಮೇಲೆ ಅವಳ ಮೊಣಕೈ ಗಟ್ಟಿಯಾಗಿ ಹಿಡಿದರು.

"ಹೋಗೂವಾಗ ಹೊರಗಿಂದ ಕೀಲಿ ಹಾಕಿ ಹೋಗು ತಂಗಿ. ಇಲ್ಲಂದ್ರ ನಾ ಓಡಿ ಹೋಗ್ತೇನಿ. ಮಾಳವ್ವ ಬೈತಾಳ."

ಗೀತಾಂಜಲಿ ಶಾನವಾಜನನ್ನು ಊಟ ತರಲು ಕಳಿಸಿದಳು. ಬಾಗಿಲು ಮುಂದೆ ಮಾಡಿ, ಅದಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ ನೆಲದ ಮೇಲೆ ಕುಳಿತಳು.