ಖಂಡೆ ಪೂಜೆಯ ಬಾಟಲಿಗಳು

ಜೂನ್‌ನಲ್ಲಿ ಹತ್ತನೆಯ ತರಗತಿಯವರನ್ನು ಮೊದಲ ಸಲ ಪ್ರಯೋಗಶಾಲೆಗೆ ಕರೆದುಕೊಂಡು ಹೋದ ದಿನ ನಾನು ಪಾಠ ಮಾಡುವುದಿಲ್ಲ. ನಿಯಮಗಳನ್ನು ಹೇಳುತ್ತೇನೆ. ಹುಡುಗಿಯರು ಜಡೆಯನ್ನು ಮೇಲೆ ಕಟ್ಟಿಕೊಳ್ಳಬೇಕು, ವೇಲನ್ನು ಹಿಂದೆ ಗಂಟು ಹಾಕಿಕೊಳ್ಳಬೇಕು. ಬಾಟಲಿಗೆ ಮೂಗು ಹಚ್ಚಿ ಮೂಸಬಾರದು. ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕಲ್ಲ. ಯಾವುದನ್ನೂ ನೆಕ್ಕಿ ನೋಡಬಾರದು.

“ಮಿಸ್, ನಮ್ಮವ್ವ ಸಾರಿಗೆ ಉಪ್ಪು ಸರಿ ಆಗೇತೋ ಇಲ್ಲೋ ಅಂತ ಅಂಗೈ ಮ್ಯಾಲ ಹಾಕ್ಕೊಂಡು ನೆಕ್ಕಿ ನೋಡ್ತಾಳ್ರಿ,” ಎಂದ ರಾಜಕುಮಾರ. ಹಿಂದಿನ ಬೆಂಚಿನವನು. ಪ್ರತಿ ವರ್ಷ ಅಂಥವನೊಬ್ಬ ಇರುತ್ತಾನೆ.

“ನಿಮ್ಮವ್ವ ಅಡಿಗಿ ಮನ್ಯಾಗ ನೆಕ್ಕಲಿ. ನೀ ಇಲ್ಲಿ ನೆಕ್ಕಿದ್ರ ಊಟದ ಗಂಟಿ ಹೊಡಿಯೂದ್ರಾಗ ದವಾಖಾನ್ಯಾಗ ಇರ್ತೀ.”

ಎಲ್ಲರೂ ನಕ್ಕರು. ನಗು ನಿಲ್ಲುವವರೆಗೆ ಕಾದು, ಉಳಿದ ಎರಡು ನಿಯಮಗಳನ್ನು ಹೇಳಿದೆ. ನಾನಿಲ್ಲದೆ ಯಾರೂ ಒಳಗೆ ಕಾಲಿಡಬಾರದು. ಏನಾದರೂ ಒಡೆದರೆ, ಚೆಲ್ಲಿದರೆ, ಹೆಚ್ಚುಕಡಿಮೆಯಾದರೆ ನನಗೆ ಬಂದು ಹೇಳಬೇಕು. ಹೇಳಿದವರಿಗೆ ಶಿಕ್ಷೆ ಇಲ್ಲ.

“ಖರೇನ್ರಿ ಮಿಸ್?” ಮುಂದಿನ ಬೆಂಚಿನ ಐಶ್ವರ್ಯ ಕೇಳಿದಳು.

“ಖರೆ.”

“ಯಾವಾಗ್ಲೂರಿ?”

“ಯಾವಾಗ್ಲೂ.”

ಈ ಶಾಲೆ ಇರುವುದು ಹುನಗುಂದದಲ್ಲಿ. ನಾನು ಇಳಕಲ್ಲಿನಿಂದ ಬಸ್ಸಿನಲ್ಲಿ ಬರುತ್ತೇನೆ. ತವರು ಬಾಗಲಕೋಟೆಯ ನವನಗರ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ಶಿರೀಷನನ್ನು ಮದುವೆಯಾಗಿ ಇಳಕಲ್ಲಿಗೆ ಬಂದೆ. ಶಿರೀಷ ಹೋದ ವರ್ಷ ಚಳಿಗಾಲದಲ್ಲಿ ಕುಳಗೇರಿ ಕ್ರಾಸ್ ಹತ್ತಿರ ರಸ್ತೆ ಅಪಘಾತದಲ್ಲಿ ತೀರಿಕೊಂಡ. ತವರಿನವರು ಬಾ ಎಂದರು, ಹೋಗಲಿಲ್ಲ. ಅತ್ತೆಯವರ ಜೊತೆ ಅದೇ ಮನೆಯಲ್ಲಿದ್ದೇನೆ. ಹದಿನೈದು ದಿನ ಕಳೆದ ಮೇಲೆ ಶಾಲೆಗೆ ಮರಳಿದೆ. ಮನೆಯಲ್ಲಿ ಮಾಡುವಂಥದ್ದೇನೂ ಇರಲಿಲ್ಲ.

ಐಶ್ವರ್ಯಳೂ ಇಳಕಲ್ಲಿನವಳು, ಅದೇ ಬಸ್ಸು. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಳ್ಳಬೇಕೆಂಬುದು ಅವಳ ಹಟ. ಮನೆಯವರು ಆರ್ಟ್ಸ್ ಸಾಕು ಎನ್ನುತ್ತಿದ್ದರು. ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದರೆ ನೋಡೋಣ ಎಂದು ಅವಳಪ್ಪ ಒಪ್ಪಿದ್ದ. ಪರೀಕ್ಷೆಯ ಅಂಕಕ್ಕೆ ಶಾಲೆಯಲ್ಲೇ ಕೊಡುವ ಪ್ರಯೋಗದ ಅಂಕವೂ ಸೇರುತ್ತದೆ. ಹಾಗಾಗಿ ಅವಳು ಒಂದು ದಿನವೂ ಪ್ರಯೋಗ ತಪ್ಪಿಸಿಕೊಳ್ಳುತ್ತಿರಲಿಲ್ಲ. ತರಗತಿ ಮುಗಿದ ಮೇಲೂ ನಿಂತು ಪ್ರನಾಳಗಳನ್ನು ತೊಳೆದಿಡುತ್ತಿದ್ದಳು. ಅವಳನ್ನು ಲ್ಯಾಬ್ ಲೀಡರ್ ಮಾಡಿದೆ. ರಾಜಕುಮಾರ ಅವಳನ್ನು ಸಣ್ಣ ಮಿಸ್ ಎಂದು ಕರೆಯತೊಡಗಿದ.

ದಸರೆ ರಜೆ ಶುರುವಾಗುವ ಹಿಂದಿನ ದಿನವೇ ನಮ್ಮ ಶಾಲೆಯಲ್ಲಿ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಮುಗಿಸಿಬಿಡುತ್ತಾರೆ. ಕೆಲಸ ಕೊಡುವ ವಸ್ತುಗಳಿಗೆಲ್ಲ ಅಂದು ಪೂಜೆ. ಗಂಟೆಗೆ, ಕಂಪ್ಯೂಟರಿಗೆ, ಶಾಲೆಯ ವ್ಯಾನಿಗೆ, ಜವಾನ ಬಂಡೆಪ್ಪನ ಗುದ್ದಲಿಗೆ. ಪ್ರಯೋಗಶಾಲೆಗೂ. ಹಿಂದಿನ ವರ್ಷಗಳಲ್ಲಿ ಆ ಪೂಜೆಯನ್ನು ನಾನೇ ಮಾಡುತ್ತಿದ್ದೆ. ಬಾಟಲಿಗಳನ್ನು ಒದ್ದೆ ಮಾಡಲು ಯಾರಿಗೂ ಬಿಡುತ್ತಿರಲಿಲ್ಲ. ಮೇಜಿನ ಮೂಲೆಗೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದರೆ ಮುಗಿಯಿತು.

ಈ ಸಲ ಬೆಳಿಗ್ಗೆ ಗಣಿತದ ಪ್ರಾಚಿ ಮೇಡಂ ಸ್ಟಾಫ್ ರೂಮಿಗೆ ಬಂದಳು. ಹೊಸ ಸೀರೆ ಉಟ್ಟಿದ್ದಳು. ನನ್ನ ಮುಖ ನೋಡದೆ ಮೇಜಿನ ಮೇಲಿದ್ದ ಕೀಲಿಗೊಂಚಲನ್ನು ನೋಡಿದಳು.

“ಗೌತಮಿ, ನೀ ಪೇಪರ್ ತಿದ್ದೂದ ಅದ ಅಂದಿದ್ದಿ ಅಲ್ಲ? ಕೂತಿರು. ಲ್ಯಾಬಿಂದು ನಾನs ಹುಡುಗ್ಯಾರನ್ನ ಕರ್ಕೊಂಡು ಮಾಡ್ತೀನಿ.”

ನೀರು ಬೆರೆಸದ ಗಾಢ ಆಮ್ಲಗಳಿರುವ ಕಪಾಟಿನ ಕೀಲಿಯನ್ನು ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಕೊಟ್ಟೆ. ಬರಬೇಡ ಎಂದು ಯಾರೂ ಹೇಳಲಿಲ್ಲ. ಬಾ ಎಂದೂ ಹೇಳಲಿಲ್ಲ. ಪೇಪರ್ ತಿದ್ದಿದೆ. ಕಾರಿಡಾರಿನಿಂದ ಆರತಿ ಹಾಡು ಕೇಳಿಸಿತು. ಮಧ್ಯಾಹ್ನ ಬಂಡೆಪ್ಪ ಒಂದು ಕಾಗದದಲ್ಲಿ ಚುರುಮುರಿ, ಕೊಬ್ಬರಿ ಚೂರು ತಂದಿಟ್ಟ.

“ಅಕ್ಕಾರ, ನಿಮ್ಮ ಲ್ಯಾಬ್ ನೋಡ್ರಿ ಈಗ. ಮದುಮಗಳಂಗ ಮಾಡ್ಯಾರ ಹುಡುಗ್ಯಾರು.”

ಹೋಗಿ ನೋಡಲಿಲ್ಲ. ಬಸ್ಸಿನ ಹೊತ್ತಾಗಿತ್ತು.

ರಜೆ ಮುಗಿದ ಮೇಲೆ ಮೊದಲ ಪ್ರಯೋಗ ಆಮ್ಲ ಮತ್ತು ಪ್ರತ್ಯಾಮ್ಲದ್ದು. ಬಾಟಲಿಗಳು ನಿಜಕ್ಕೂ ಹೊಳೆಯುತ್ತಿದ್ದವು. ಒಂದೊಂದರ ಕೊರಳಿಗೂ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ನನ್ನ ಕೈಬರಹದ ಚೀಟಿಗಳು ಸ್ವಲ್ಪ ಓರೆಯಾಗಿ ಅಂಟಿದಂತೆ ಕಂಡವು. ನೋಡಿದೆ, ಆದರೆ ಅದರ ಬಗ್ಗೆ ಯೋಚಿಸಲಿಲ್ಲ. ಆ ದಿನಗಳಲ್ಲಿ ಹಲವನ್ನು ಹಾಗೆಯೇ ನೋಡುತ್ತಿದ್ದೆ.

ಹೈಡ್ರೋಕ್ಲೋರಿಕ್ ಆಮ್ಲ ಎಂದು ಬರೆದಿದ್ದ ಬಾಟಲಿಯಿಂದ ಪ್ರನಾಳಕ್ಕೆ ಸ್ವಲ್ಪ ಹಾಕಿ, ಫಿನಾಫ್ತಲೀನ್ ದ್ರಾವಣದ ಎರಡು ಹನಿ ಬಿಟ್ಟೆ. “ಆಮ್ಲದಾಗ ಇದಕ್ಕ ಬಣ್ಣ ಬರೂದಿಲ್ಲ,” ಎಂದೆ.

ದ್ರಾವಣ ಅಚ್ಚ ಗುಲಾಬಿ ಬಣ್ಣಕ್ಕೆ ತಿರುಗಿತು.

“ಬಂತಲ್ರಿ ಮಿಸ್,” ಎಂದ ರಾಜಕುಮಾರ.

ಗುಲಾಬಿ ಬಣ್ಣ ಬರುವುದು ಪ್ರತ್ಯಾಮ್ಲದಲ್ಲಿ. ಅಂದರೆ ಬಾಟಲಿಯ ಮೇಲಿನ ಹೆಸರು ಸುಳ್ಳು. ಪ್ರನಾಳವನ್ನು ಸ್ಟ್ಯಾಂಡಿನಲ್ಲಿಟ್ಟು, ಎಲ್ಲರೂ ಕೈ ಹಿಂದೆ ಕಟ್ಟಿಕೊಂಡು ಗೋಡೆಯ ಹತ್ತಿರ ಹೋಗಿ ನಿಲ್ಲಿ ಎಂದೆ. ನಿಂತರು. ಲಿಟ್ಮಸ್ ಕಾಗದ ತೆಗೆದುಕೊಂಡು ಸಾಲಿನ ಉಳಿದ ಬಾಟಲಿಗಳನ್ನು ನೋಡಿದೆ. ಸೋಡಿಯಂ ಹೈಡ್ರಾಕ್ಸೈಡ್ ಎಂದಿದ್ದದ್ದು ಆಮ್ಲವಾಗಿತ್ತು. ಸುಣ್ಣದ ತಿಳಿನೀರು ಎಂದಿದ್ದದ್ದು ಯಾವ ಕಡೆಗೂ ಬಣ್ಣ ಬದಲಿಸಲಿಲ್ಲ. ಎಲ್ಲವೂ ನೀರಿನಂತೆ ತಿಳಿಯಾದ ದ್ರಾವಣಗಳು. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

“ಯಾರು ಮಾಡೀರಿ ಅಂತ ಕೇಳೂದಿಲ್ಲ. ಏನ್ ಆಗೇದ ಅಂತ ಗೊತ್ತಿದ್ದವರು ಬಂದು ಹೇಳ್ರಿ,” ಎಂದು ತರಗತಿ ಬಿಟ್ಟೆ.

ಸಂಜೆ ಬಸ್ ನಿಲ್ದಾಣದಲ್ಲಿ ಐಶ್ವರ್ಯ ನನ್ನ ಪಕ್ಕ ಬಂದು ನಿಂತಳು. ಇಳಕಲ್ಲಿನ ಬಸ್ಸು ಬಂದಿರಲಿಲ್ಲ.

“ಮಿಸ್, ನೀವು ಯಾವಾಗ್ಲೂ ಅಂದಿದ್ರಿ.”

“ಅಂದಿದ್ದೆ.”

“ಪೂಜಿ ದಿನಾನೂ ಸೇರಿ ಏನ್ರಿ?”

“ಸೇರಿ.”

ಆಮೇಲೆ ಒಂದೇ ಉಸಿರಿನಲ್ಲಿ ಹೇಳಿದಳು. ಸರಸ್ವತಿಗೆ ಎಲ್ಲ ಸ್ವಚ್ಛ ಇರಬೇಕೆಂದು ಬಾಟಲಿಗಳನ್ನು ಒಂದೊಂದಾಗಿ ಬಕೆಟ್ ನೀರಿನಲ್ಲಿ ಅದ್ದಿ ತಿಕ್ಕಿ ಮತ್ತೆ ಅದೇ ಸಾಲಿನಲ್ಲಿ ಇಟ್ಟಿದ್ದರು. ಬೂಚು ಗಟ್ಟಿಯಾಗಿತ್ತು, ಒಳಗೆ ನೀರು ಹೋಗಲಿಲ್ಲ. ಚೀಟಿಗಳು ಮಾತ್ರ ಬಿಚ್ಚಿಕೊಂಡು ನೀರಿನಲ್ಲಿ ತೇಲಿದವು. ಅವಳು ಅವನ್ನು ಕಿಟಕಿಯ ಕಟ್ಟೆಯ ಮೇಲೆ ಒಣಗಿಸಿದಳು. ಬಾಟಲಿಗಳು ಯಾವ ಕ್ರಮದಲ್ಲಿ ನಿಲ್ಲುತ್ತವೆಂಬುದು ಅವಳಿಗೆ ಬಾಯಿಪಾಠ. ಆ ಕ್ರಮದಲ್ಲೇ ಅಂಟಿಸಿದಳು. ಆದರೆ ಅಷ್ಟರಲ್ಲಿ ಬಂಡೆಪ್ಪ ಬಾಟಲಿಗಳನ್ನು ಎತ್ತಿ, ಎತ್ತರ ನೋಡಿ, ಸಣ್ಣದು ದೊಡ್ಡದು ಅಂತ ಚೆಂದ ಮಾಡಿ ಜೋಡಿಸಿಟ್ಟಿದ್ದ.

“ನಂಗ ಖರೇನೇ ಬರೋಬ್ಬರಿ ಹಚ್ಚೇನಿ ಅನಿಸಿತ್ರಿ. ಇವತ್ತ ಗುಲಾಬಿ ಬಂದ ಮ್ಯಾಲ ಗೊತ್ತಾತು. ಪ್ರಾಚಿ ಮಿಸ್‌ಗೆ ಅವತ್ತ ಕೇಳಿದ್ನಿರಿ, ಗೌತಮಿ ಮಿಸ್‌ಗೆ ತೋರಿಸೂನೇನ್ರಿ ಅಂತ. ಆರತಿ ಆಗ್ಲಿ ತಡಿ ಅಂದ್ರು.” ಮತ್ತೆ ಕೇಳಿದಳು, “ನೀವ್ಯಾಕ ಬರ್ಲಿಲ್ರಿ ಮಿಸ್ ಅವತ್ತ?”

ಕೇಳಿದ ಮರುಕ್ಷಣ ಅವಳಿಗೇ ಹೊಳೆಯಿತು. ನನ್ನ ಹಣೆಯನ್ನು ನೋಡಿ, ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸಿದಳು.

“ಕೆಲಸ ಇತ್ತು,” ಎಂದೆ.

ಮನೆಯಲ್ಲಿ ಅತ್ತೆಯವರಿಗೆ ಇಷ್ಟು ಹೇಳಿದೆ. ಅತ್ತೆ ವಿಮಲಾಬಾಯಿ, ಮಾವನವರು ತೀರಿಕೊಂಡಾಗಿನಿಂದ, ಯಾರ ಮನೆಯ ಅರಿಶಿನ ಕುಂಕುಮಕ್ಕೂ ಹೋದವರಲ್ಲ. ಅಕ್ಕಿ ಆರಿಸುತ್ತ ಕೇಳಿದರು.

“ಅಂಥಾ ಕಡೆ ನಾವು ಹೋಗೂದಿಲ್ಲಲ್ಲವಾ. ಅದರಾಗೇನು ಬ್ಯಾಸರ ಮಾಡ್ಕೊಳ್ಳೂದು?”

“ಬ್ಯಾಸರ ಇಲ್ರಿ ಅತ್ತಿ.”

ನಿಜವಾಗಿಯೂ ಇರಲಿಲ್ಲ. ಬೇಸರಕ್ಕೆ ಬೇಕಾಗುವಷ್ಟು ಏನೂ ಆಗ ನನ್ನಲ್ಲಿ ಉಳಿದಿರಲಿಲ್ಲ. ಆದರೆ ಆ ಹುಡುಗಿ ನನ್ನ ಮಾತು ನಂಬಿ ಬಂದು ಹೇಳಿದ್ದಳು.

ಮರುದಿನ ಮೊದಲ ಗಂಟೆ ಹೊಡೆಯುವ ಮುನ್ನ ಹೆಡ್ ಮಾಸ್ತರರಾದ ಶಂಕರಲಿಂಗ ಸರ್ ಕರೆಸಿದರು. ಬಂಡೆಪ್ಪ ತನ್ನ ಮೇಲೆ ಬರಬಾರದೆಂದು ಬೆಳಿಗ್ಗೆಯೇ ಚೀಟಿ ಅಂಟಿಸಿದ್ದು ಐಶ್ವರ್ಯ ಎಂದು ಅವರಿಗೆ ಹೇಳಿದ್ದ. ನಾನು ಹೋದಾಗ ಅವನು ಬಾಗಿಲ ಬಳಿ ನಿಂತಿದ್ದ. ಪ್ರಾಚಿ ಕುರ್ಚಿಯಲ್ಲಿದ್ದಳು. ಐಶ್ವರ್ಯ ಮೇಜಿನ ಮುಂದೆ ತಲೆ ತಗ್ಗಿಸಿ ನಿಂತಿದ್ದಳು.

“ನಾ ನೀರು ತಂದು ಕೊಟ್ಟೇನ್ರಿ ಅಷ್ಟ,” ಎಂದು ಬಂಡೆಪ್ಪ ಯಾರೂ ಕೇಳದೆ ಹೇಳಿದ.

“ನೀ ಸುಮ್ನಿರಪಾ.” ಸರ್ ನನ್ನ ಕಡೆ ತಿರುಗಿದರು. “ಮೇಡಂ, ಇದು ಸಣ್ಣ ವಿಷಯ ಅಲ್ಲ. ಯಾರಿಗರೆ ಸಿಡಿದಿದ್ರ ಕಮಿಟಿಯವರಿಗೆ ನಾ ಏನ್ ಹೇಳಲಿ? ಈಕಿ ಇನ್ನ ಈ ವರ್ಷ ಲ್ಯಾಬಿಗೆ ಬರೂದು ಬ್ಯಾಡ. ಪ್ರಯೋಗದ ಮಾರ್ಕ್ಸ್ ಪಾಸಾಗೂವಷ್ಟು ಹಾಕ್ರಿ. ಒಬ್ಬರಿಗೆ ಬಿಗಿ ಮಾಡಿದ್ರ ಉಳಿದವ್ರು ನೆಟ್ಟಗ ಇರ್ತಾರ.”

ಐಶ್ವರ್ಯ ನನ್ನನ್ನು ನೋಡಲಿಲ್ಲ. ಅಳಲೂ ಇಲ್ಲ. ವೇಲಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

“ಹೇಳಿದವರಿಗೆ ಶಿಕ್ಷಾ ಇಲ್ಲ ಅಂತ ನಾ ಮಾತು ಕೊಟ್ಟೇನ್ರಿ ಸರ್.”

“ಅದು ಹುಡುಗರಿಗೆ ಹೇಳೂ ಮಾತು ಮೇಡಂ. ನಾವೂ ಹೇಳ್ತೀವಿ.”

“ಇನ್ನೊಂದು ನಿಯಮ ಐತ್ರಿ. ನಾನಿಲ್ದ ಯಾರೂ ಒಳಗ ಹೋಗಬಾರದು ಅಂತ. ಅದನ್ನ ಮುರದಾಕಿ ಐಶ್ವರ್ಯ ಅಲ್ಲ. ಕೀಲಿ ಕೊಟ್ಟಾಕಿ ನಾನು.”

“ನೀವ್ಯಾಕ ಇರ್ಲಿಲ್ಲ ಅವತ್ತ?”

ಕೇಳಬಾರದ್ದನ್ನು ಕೇಳಿದೆನೆಂದು ಅವರಿಗೂ ತಕ್ಷಣ ಗೊತ್ತಾಯಿತು. ಮೇಜಿನ ಮೇಲಿನ ಪೇಪರ್ ವೇಟನ್ನು ಸರಿಸಿದರು. ಪ್ರಾಚಿ ಬಳೆಗಳನ್ನು ಮೊಣಕೈಯತ್ತ ಏರಿಸಿಕೊಂಡಳು.

“ನಾನs ಹೇಳಿದ್ದೆ ಸರ್,” ಎಂದಳು ಪ್ರಾಚಿ. “ಕೂತಿರು ಅಂದಿದ್ದೆ. ಆಕಿಗೆ ಸಂಕೋಚ ಆಗಬಾರದು ಅಂತ.”

“ನಾ ವಿಧವೆ ಅಂತ ಪೂಜಿಗೆ ಕರೀಲಿಲ್ರಿ ಸರ್,” ಎಂದೆ. ಹೆಸರು ಕೇಳಿದರೆ ಹೆಸರು ಹೇಳುವಂತೆ ಹೇಳಿದೆ. “ನಾನೂ ಹೋಗಲಿಲ್ಲ. ಲ್ಯಾಬಿನ ಟೀಚರ್ ಹೊರಗ, ಲ್ಯಾಬ್ ತೆರದಿತ್ತು. ಅದಕ್ಕ ಹಿಂಗಾತು.”

“ಪೂಜಿ ವಿಷಯ ಬ್ಯಾರೆ ಮೇಡಂ.”

“ಆ್ಯಸಿಡ್ಡಿಗೆ ಅದು ಗೊತ್ತಾಗೂದಿಲ್ರಿ.”

ಬಂಡೆಪ್ಪ ಕೆಮ್ಮಿದ. ಅದು ಕೆಮ್ಮಲ್ಲ, ನಗು ಎಂದು ನನಗೆ ತಿಳಿಯಿತು. ಸರ್ ಅವನತ್ತ ನೋಡಿದ ಕೂಡಲೇ ಗಂಟೆ ಹೊಡೆಯಲು ಹೊರಟುಹೋದ.

ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟೆ. “ಆಕಿ ಹೊರಗಿದ್ರ ನಾನೂ ಹೊರಗ ಇರ್ತೇನಿ. ಪ್ರಯೋಗ ಬ್ಯಾರೆಯವರಿಗೆ ಹಚ್ರಿ. ಬೋರ್ಡ್ ಮ್ಯಾಲಿನ ಪಾಠ ನಾ ಮಾಡ್ತೇನಿ.”

ಬೇರೆಯವರು ಯಾರೂ ಇರಲಿಲ್ಲ. ಅದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಸಿಟ್ಟಿನಿಂದ ಇಟ್ಟದ್ದಲ್ಲ. ಒಪ್ಪದಿದ್ದರೆ ಹಾಗೆಯೇ ಮಾಡುತ್ತಿದ್ದೆ. ಅವರು ನನ್ನ ಮುಖವನ್ನು ನೋಡಿದರು. ಅದನ್ನೇ ಅಲ್ಲಿ ಕಂಡಿರಬೇಕು.

“ನೀವು ಭಾಳ ಕಟುವಾಗಿ ಮಾತಾಡ್ತೀರಿ ಈಚೀಚೆ.”

“ಇರಬಹುದ್ರಿ.”

“ತಗೊಂಡು ಹೋಗ್ರಿ ಕೀಲಿ.” ಕನ್ನಡಕ ತೆಗೆದು ಒರೆಸಿಕೊಂಡರು. “ಏ ಹುಡುಗಿ, ನೀನೂ ನಡಿ. ಮೇಡಂ ಹೇಳಿದ್ದಕ್ಕ ಬಿಟ್ಟೇನಿ. ಇನ್ನೊಮ್ಮೆ ಬಾಟ್ಲಿಗೆ ಸ್ನಾನ ಮಾಡಿಸಿದಿ ಅಂದ್ರ ನೋಡು.”

ಹೊರಗೆ ಪ್ರಾಚಿ ನನ್ನ ಹಿಂದೆಯೇ ಬಂದಳು. ಏನೋ ಹೇಳಲು ಬಾಯಿ ತೆರೆದಳು.

“ಮುಂದಿನ ವರ್ಷ ಪೂಜಿ ಇದ್ದಾಗ ನಾ ಒಳಗ ಇರ್ತೇನಿ,” ಎಂದೆ. “ಆರತಿ ನೀವು ಮಾಡ್ರಿ. ಅದು ನನಗ ಬೇಕಾಗಿಲ್ಲ. ಆದ್ರ ಒಳಗ ಇರ್ತೇನಿ.”

“ಆತು,” ಎಂದಳು.

ಆ ವಾರದ ಪ್ರಯೋಗವೆಂದರೆ ಆ ಬಾಟಲಿಗಳೇ. ಚೀಟಿಗಳನ್ನೆಲ್ಲ ಕಿತ್ತು ಹಾಕಿ, ಯಾವುದು ಏನೆಂದು ಪರೀಕ್ಷೆ ಮಾಡಿ ಕಂಡುಹಿಡಿಯುವುದು. ಐಶ್ವರ್ಯ ಮೊದಲು ಬಾಗಿಲಲ್ಲಿ ನಿಂತಳು. ನಾನು ಒಳಗೆ ಕರೆದ ಮೇಲೆ ಬಂದಳು.

“ಬರ್ರಿ ಸಣ್ಣ ಮಿಸ್,” ಎಂದ ರಾಜಕುಮಾರ. “ಹೆಸರಿಡೂ ಕಾರ್ಯಕ್ರಮ ಐತಿ. ಕೂಸಿನ ಕಿವ್ಯಾಗ ಕುರ್‍ರ್ ಅನ್ನೂದು ನಿಮ್ಮ ಪಾಳಿ.”

“ನಿನ್ನ ಕಿವ್ಯಾಗ ಹಾಕ್ತೇನಿ ನೋಡು ಇದನ್ನ,” ಎಂದು ಅವಳು ಹನಿಗೊಳವೆ ಎತ್ತಿದಳು. ಎರಡು ದಿನಗಳ ನಂತರ ಅವಳ ಬಾಯಿಂದ ಬಂದ ಮೊದಲ ಮಾತು ಅದು.

ಒಂದರಲ್ಲಿ ಕೊಳವೆಯಿಂದ ಊದಿದಾಗ ಹಾಲಿನಂತೆ ಬಿಳುಪೇರಿತು. ಅದು ಸುಣ್ಣದ ತಿಳಿನೀರು. ಇನ್ನೊಂದನ್ನು ಕೈಯಿಂದ ಗಾಳಿ ಬೀಸಿಕೊಂಡು ಮೂಸಿದಾಗ ಉಪ್ಪಿನಕಾಯಿ ವಿನೆಗರಿನ ವಾಸನೆ. ಹೀಗೆ ಒಂದೊಂದಕ್ಕೂ ಹೊಸ ಚೀಟಿ ಬರೆದು ಅಂಟಿಸಿದೆವು. ಪ್ರತಿ ಪರೀಕ್ಷೆಯನ್ನೂ ಐಶ್ವರ್ಯ ಎರಡೆರಡು ಸಲ ಮಾಡಿದಳು. ನಾನು ಸಾಕು ಎನ್ನಲಿಲ್ಲ.

ಕೊನೆಗೆ ಒಂದು ಬಾಟಲಿ ಉಳಿಯಿತು. ಲಿಟ್ಮಸ್ ಬದಲಾಗಲಿಲ್ಲ, ವಾಸನೆ ಇಲ್ಲ, ಏನು ಬೆರೆಸಿದರೂ ಏನೂ ಆಗಲಿಲ್ಲ.

“ಬಟ್ಟಿ ಇಳಿಸಿದ ನೀರು ಇರಬೇಕ್ರಿ ಮಿಸ್,” ಎಂದಳು ಐಶ್ವರ್ಯ. ಆಮೇಲೆ ಬಾಟಲಿಯನ್ನು ಬೆಳಕಿಗೆ ಹಿಡಿದಳು. “ಇರಬೇಕು ಅನಿಸ್ತದ ಅಷ್ಟ. ಏನು ಬರೀಲ್ರಿ?”

“ನಿನಗೇನು ಅನಿಸ್ತದ?”

“ಬರೀಬಾರದು ಅನಿಸ್ತದ್ರಿ.”

“ಹಂಗಾದ್ರ ಚೆಲ್ಲು.”

ಅವಳು ನಳವನ್ನು ಪೂರ್ತಿ ಬಿಟ್ಟಳು. ಬಾಟಲಿಯನ್ನು ಮುಖದಿಂದ ದೂರ ಹಿಡಿದು, ಹರಿಯುವ ನೀರಿನೊಳಗೆ ಸಣ್ಣದಾಗಿ ಸುರಿಯತೊಡಗಿದಳು. ಪೂರ್ತಿ ಖಾಲಿಯಾಗಲು ಹೊತ್ತು ಹಿಡಿಯಿತು. ಉಳಿದವರು ಚೀಲ ಹೆಗಲಿಗೇರಿಸಿ ಹೊರಟರು. ಅವಳು ಮುಗಿಸುವವರೆಗೆ ನಾನು ಪಕ್ಕದಲ್ಲೇ ನಿಂತಿದ್ದೆ.