ಹನ್ನೆರಡು ಅಳತೆ ಪುಸ್ತಕಗಳು

ಮಾಸ್ಟರ್ ಗೋಡೆಯ ಕಡೆ ಮುಖ ಮಾಡಿ ಮಲಗಿ ಇವತ್ತಿಗೆ ಇಪ್ಪತ್ತಾರು ದಿನ. ಕೆಳಗೆ ದರ್ಜಿ ಅಂಗಡಿ, ಮೇಲೆ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ಬಟ್ಟೆಗೆ ಕತ್ತರಿ ಹಾಕುವುದರಲ್ಲಿ ಆ ಬೀದಿಯಲ್ಲೇ ಅವನನ್ನು ಮೀರಿಸುವವರಿರಲಿಲ್ಲ. ಅಂಥವನಿಗೆ ಈಗ ಹಾಸಿಗೆಯಿಂದ ಬಚ್ಚಲಿಗೆ ಹೋಗುವುದೂ ದೊಡ್ಡ ಪ್ರಯಾಣ.

ಅವನ ಹೆಂಡತಿಯನ್ನು ಬೀದಿಯವರೆಲ್ಲ ಗುಂಡಿಯಕ್ಕ ಎನ್ನುತ್ತಾರೆ. ಗಂಡ ಹೊಲಿದ ಬಟ್ಟೆಗೆ ಕಾಜ ಮಾಡಿ ಗುಂಡಿ ಹಚ್ಚುವುದು ಅವಳ ಕೆಲಸ. ಸದಾ ಎರಡು ಗುಂಡಿ ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಾಳೆ, ಗಿರಾಕಿಗಳು ತಲೆಯಾಡಿಸುತ್ತಾರೆ, ಅರ್ಧ ಯಾರಿಗೂ ತಿಳಿಯುವುದಿಲ್ಲ. ಈಗ ಅಂಗಡಿಯ ಬಾಗಿಲು ಅರ್ಧ ಮುಚ್ಚಿದೆ. ಹಚ್ಚುವುದಕ್ಕೆ ಗುಂಡಿ ಬೇಕಾದಷ್ಟಿದೆ, ಬಟ್ಟೆ ಇಲ್ಲ.

ಈ ಗತಿ ಹೇಗೆ ಬಂತೆಂದು ಹೇಳಿಬಿಡುತ್ತೇನೆ. ಹೋದ ಸಲ ಅವನು ಹೀಗೇ ಹಾಸಿಗೆ ಹಿಡಿದಾಗ ಅವಳು ಪಕ್ಕದ ಬೀದಿಯ ಹಳೆಯ ಡಾಕ್ಟರ ಹತ್ತಿರ ಕರೆದೊಯ್ದಿದ್ದಳು. ಪಾಪ, ಅವರು ಕೇಳಬೇಕಾದ್ದನ್ನು ಕೇಳಿದ್ದರು.

"ಯಾವತ್ತಾದ್ರೂ ವಿಪರೀತ ಹುರುಪು ಬಂದು, ನಿದ್ದೆ ಇಲ್ದೆ ಓಡಾಡೋದು, ಒಂದೇ ಸಮ ಮಾತಾಡೋದು, ಅಂಥದ್ದೇನಾದ್ರೂ ಇತ್ತಾ?"

"ಛೆ, ಇಲ್ಲ ಡಾಕ್ಟ್ರೇ. ಮಿಕ್ಕ ದಿನ ತುಂಬ ಚೆನ್ನಾಗಿರ್ತಾರೆ. ನಾಲ್ಕು ಜನದ ಕೆಲಸ ಒಬ್ರೇ ಮಾಡ್ತಾರೆ."

ಅವಳನ್ನು ಬೈಯಲು ಹೋಗಬೇಡಿ. ನಗುನಗುತ್ತ ರಾತ್ರಿ ಹಗಲು ದುಡಿಯುವ ಗಂಡನನ್ನು ಯಾವ ಹೆಂಗಸು ಕಾಯಿಲೆಯವನು ಎಂದಾಳು? ಅವಳ ಲೆಕ್ಕದಲ್ಲಿ ಮಲಗಿದ್ದು ಕಾಯಿಲೆ, ಎದ್ದು ಕುಣಿದದ್ದು ಆರೋಗ್ಯ. ಡಾಕ್ಟರು ಬಿಳಿ ಮಾತ್ರೆ ಬರೆದುಕೊಟ್ಟರು.

ಮೂರನೇ ವಾರ ಮಾಸ್ಟರ್ ಸಿಳ್ಳೆ ಹಾಕುತ್ತ ಮೆಟ್ಟಿಲಿಳಿದು ಬಂದ. ಗುಂಡಿಯಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಅಷ್ಟು ಸಂತೋಷವಾಗಿತ್ತು. ನಾಲ್ಕನೇ ವಾರ ಅವನು ಅಳತೆ ಟೇಪನ್ನು ಬೀದಿಗೆ ಎಸೆದ.

"ಅಳತೆ ಯಾಕೆ ಕಣೆ? ಈ ಬೀದೀಲಿ ಇರೋ ಮೈಯೆಲ್ಲ ನನ್ನ ಕಣ್ಣಲ್ಲಿದೆ."

ಅವಳು ನೂಲು ತರಲು ಹೋಗಿ ಬರುವಷ್ಟರಲ್ಲಿ ಕಪಾಟಿನಲ್ಲಿದ್ದ ಅರವತ್ತಮೂರು ಗಿರಾಕಿಗಳ ಬಟ್ಟೆಯಲ್ಲಿ ಅರ್ಧಕ್ಕರ್ಧ ನೆಲದ ಮೇಲಿತ್ತು. ಟೇಪಿಲ್ಲ, ಸೀಮೆಸುಣ್ಣದ ಗೆರೆಯಿಲ್ಲ, ಕತ್ತರಿ ನಡೆದದ್ದೇ ದಾರಿ. ತಡೆಯಲು ಹೋದವಳ ಅಂಗೈಗೂ ಕತ್ತರಿ ತಾಗಿತು. ಅವನು ಅದನ್ನು ನೋಡಲೇ ಇಲ್ಲ, ಹಾಡುತ್ತಿದ್ದ. ಸಂಜೆಗೆ ಮೂರು ಜನ ಹಿಡಿದು ಆಸ್ಪತ್ರೆಗೆ ಸೇರಿಸಬೇಕಾಯಿತು.

ಅಲ್ಲಿನ ಮನೋವೈದ್ಯೆ ಚಿಕ್ಕ ವಯಸ್ಸಿನವಳು, ಸಮಾಧಾನದ ಹೆಂಗಸು. "ಇದು ಏರೋದು, ಇಳಿಯೋದು ಎರಡೂ ಇರೋ ಕಾಯಿಲೆ ಅಮ್ಮ. ಬರೀ ಇಳಿತ ನೋಡಿ ಆ ಮಾತ್ರೆ ಒಂದನ್ನೇ ಕೊಟ್ರೆ ಕೆಲವರನ್ನ ಹೀಗೆ ಮೇಲಕ್ಕೆ ಎಸೆದುಬಿಡುತ್ತೆ. ನಿಮ್ಮ ತಪ್ಪಿಲ್ಲ, ನಿಮಗೆ ಗೊತ್ತಿರಲಿಲ್ಲ" ಎಂದಳು. ಬಿಳಿ ಮಾತ್ರೆ ನಿಲ್ಲಿಸಿ ಬೇರೆ ಔಷಧಿ ಕೊಟ್ಟಳು. ಏರಿದ್ದು ಇಳಿಯಿತು. ಇಳಿದದ್ದು ಎಲ್ಲೂ ನಿಲ್ಲದೆ ತಳಕ್ಕೇ ಹೋಗಿ ಕೂತಿತು.

ಬಿಳಿ ಮಾತ್ರೆ ಮತ್ತೆ ಕೊಡಬಹುದೇ ಎಂದು ಗುಂಡಿಯಕ್ಕ ಕೇಳಿದ್ದಳು. "ಈಗ ಬೇಡವೇ ಬೇಡ. ಈ ಔಷಧಿ ಮೊದಲು ನೆಲೆ ನಿಲ್ಲಲಿ. ಆಮೇಲೂ ಖಂಡಿತ ಅಂತ ಹೇಳಲಾರೆ" ಎಂದ ಮನೋವೈದ್ಯೆ ಒಂದು ಕೆಲಸ ಹಚ್ಚಿದಳು. ಅವನು ಯಾವಾಗ ಏರಿದ್ದ, ಯಾವಾಗ ಇಳಿದಿದ್ದ, ಯಾವಾಗ ಸರಿಯಾಗಿದ್ದ ಎಂದು ನೆನಪಿದ್ದಷ್ಟು ಬರೆದು ತರಬೇಕು.

ನೆನಪನ್ನು ನಂಬುವ ಧೈರ್ಯ ಗುಂಡಿಯಕ್ಕನಿಗೆ ಉಳಿದಿರಲಿಲ್ಲ. ಮಧ್ಯಾಹ್ನ ಅಟ್ಟದಿಂದ ಅಳತೆ ಪುಸ್ತಕಗಳನ್ನು ಇಳಿಸಿದಳು. ವರ್ಷಕ್ಕೊಂದರಂತೆ ಹನ್ನೆರಡು. ಗಿರಾಕಿಯ ಭುಜ, ಎದೆ, ತೋಳು, ತಾರೀಖು, ಬಹುಪಾಲು ಮಾಸ್ಟರನ ಕೈಬರಹ. ನಾಲ್ಕು ಪುಟ ತಿರುವುವಷ್ಟರಲ್ಲಿ ಅವಳಿಗೆ ತಿಳಿದುಹೋಯಿತು. ಏರಿದ ದಿನಗಳಲ್ಲಿ ಅಕ್ಷರ ಗೆರೆ ದಾಟಿ ಕುಣಿಯುತ್ತಿತ್ತು, ಒಬ್ಬರ ಅಳತೆಗೆ ಒಂದು ಪುಟ ಸಾಲದು. ಇಳಿದ ದಿನಗಳಲ್ಲಿ ಇರುವೆಯಷ್ಟಾಗಿ, ಆಮೇಲೆ ಇಲ್ಲವೇ ಇಲ್ಲ, ಅಲ್ಲೆಲ್ಲ ಅವಳದೇ ಅಕ್ಷರ. ಕಾಗದಕ್ಕೆ ಮೂರು ಕಾಲಂ ಹಾಕಿಕೊಂಡು ಬರೆಯುತ್ತ ಹೋದಳು. ಎರಡು ಕಾಲಂ ತುಂಬಿ ಇನ್ನೊಂದು ಹಾಳೆ ಬೇಕಾಯಿತು. "ಸರಿ" ಎಂದು ಬರೆದ ಮೂರನೆಯದರಲ್ಲಿ, ಗೆರೆಯ ಮೇಲೆ ಸುಮ್ಮನೆ ಕೂತ ಅಕ್ಷರದ ದಿನಗಳು, ಹನ್ನೆರಡು ವರ್ಷಕ್ಕೆ ಮೂವತ್ತೊಂದು.

ಅದರಲ್ಲಿ ಒಂದು ದಿನ ಅವಳಿಗೆ ನೆನಪಿತ್ತು. ಅವನು ಅವಳ ಎದುರು ಕೂತು, ಮೊಣಕಾಲು ನೋವು ಹೇಗಿದೆ ಎಂದು ಕೇಳಿದ್ದ. ಅವಳು, "ಯಾಕ್ರೀ ಇಷ್ಟು ಸಪ್ಪಗಿದ್ದೀರಿ? ಏಳಿ, ಒಂದು ಹಾಡಾದ್ರೂ ಹೇಳಿ" ಎಂದು ಛೇಡಿಸಿದ್ದಳು. ಸರಿಯಿದ್ದ ಗಂಡನನ್ನು ಸಾಲದು ಎಂದು ಎಬ್ಬಿಸಿದವಳು ತಾನೇ.

ಎಲ್ಲಕ್ಕಿಂತ ಹಳೆಯ ಪುಸ್ತಕದ ಮೊದಲನೇ ಪುಟಕ್ಕೆ ಕೊನೆಗೆ ಬಂದಳು. ಅಲ್ಲಿ ಅವಳದೇ ಅಳತೆ. ಅವಳು ಗಿರಾಕಿಯಾಗಿ ಬಂದು ಒಂದು ಕೋಟು ಕೇಳಿದ್ದಳು. ಮರುದಿನ ಬೆಳಿಗ್ಗೆ ಅವನು ಕಣ್ಣು ಕೆಂಪು ಮಾಡಿಕೊಂಡು, ನಗುತ್ತ, ಮೂರು ಕೋಟು ಹಿಡಿದು ಅವಳ ಮನೆ ಬಾಗಿಲಿಗೆ ಬಂದಿದ್ದ. ಆ ಹೊತ್ತಿನಲ್ಲೇ ಅವಳು ಸೋತಿದ್ದಳು. ಹನ್ನೆರಡು ವರ್ಷ ಬಂದವರಿಗೆಲ್ಲ ಆ ಕಥೆ ಹೇಳಿ ಬೀಗಿದ್ದಳು. ಪುಟದ ತುಂಬ ಅಕ್ಷರ ಕುಣಿಯುತ್ತಿತ್ತು.

ಪುಸ್ತಕ ಹಾಗೇ ಬಿಟ್ಟು, ಗಂಜಿ ತೆಗೆದುಕೊಂಡು ಮೇಲೆ ಹೋದಳು. ಅವನು ತಿರುಗಲಿಲ್ಲ.

"ಆ ಬಿಳಿ ಮಾತ್ರೆ ಒಂದು ಕೊಡೆ."

"ಅದು ಬೇಡ ಅಂದಿದ್ದಾರಲ್ಲ ರೀ."

"ಅದು ತಗೊಂಡ್ರೆ ನಾನು ನಾನಾಗ್ತೀನಿ. ನಿನಗೆ ಮೂರು ಕೋಟು ಹೊಲಿದು ತಂದಿದ್ನಲ್ಲ, ಅವನನ್ನ ನೋಡ್ಬೇಕು ಅನ್ಸಲ್ವಾ?"

"ಅನ್ಸುತ್ತೆ" ಎಂದಳು. ಗಂಜಿ ಬಟ್ಟಲನ್ನು ಹಾಸಿಗೆ ಪಕ್ಕ ಇಟ್ಟಳು. "ಮಾತ್ರೆ ಇಲ್ಲ. ಅವತ್ತೇ ಬಿಸಾಕ್ಬಿಟ್ಟೆ."

ಅವನು ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. "ಒಳ್ಳೇದು ಮಾಡಿದೆ ಬಿಡು" ಎಂದು ಅವನು ಹೊದಿಕೆ ಎಳೆದುಕೊಂಡ. ಗಂಜಿ ಅಲ್ಲೇ ಆರಿತು.

ಕೆಳಗೆ ಬಂದು ಗುಂಡಿ ಡಬ್ಬಿಯನ್ನು ಮಗುಚಿದಳು. ತಳದಲ್ಲಿ ಬಚ್ಚಿಟ್ಟಿದ್ದ ಒಂಬತ್ತು ಮಾತ್ರೆ, ಬಿಳಿ ಅಂಗಿಯ ಗುಂಡಿಯಷ್ಟೇ ಗಾತ್ರದವು. ಪಟ್ಟಿಯಿಂದ ಒಂದೊಂದನ್ನೇ ಒತ್ತಿ ತೆಗೆದು ನೀರಿನಲ್ಲಿ ಕದಡಿ ಚೆಲ್ಲಿದಳು. ಒಂಬತ್ತನೆಯದನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ, ಕತ್ತರಿ ತಾಗಿದ ಗಾಯದ ಗುರುತಿನ ಮೇಲೆ ಇಟ್ಟುಕೊಂಡಿದ್ದು ಅದನ್ನೂ ಹಾಕಿದಳು. ಆಮೇಲೆ ಕೂತು ಪೆನ್ನು ತೆಗೆದುಕೊಂಡು, ಏರಿದ ದಿನಗಳ ಕಾಲಂನಲ್ಲಿ, ಮೂರು ಕೋಟಿನ ತಾರೀಖು ಬರೆದಳು.